ಲಗೇಜಿಗೆ ‘ಎಸ್’ ಇಲ್ಲ: ಮಡಿಕೇರಿಯ ಒಂದು ಸಂಜೆ ಇಂಗ್ಲಿಷ್ ತರಗತಿ

ಹೋಂಸ್ಟೇ ನಡೆಸುವವರು, ಕಾಫಿಪುಡಿ, ಕರಿಮೆಣಸು, ಜೇನು ಮಾರುವ ಅಂಗಡಿಯವರು, ಮಾಂದಲಪಟ್ಟಿಗೆ ಜೀಪು ಓಡಿಸುವವರು, ಇವರಲ್ಲಿ ನೀವೂ ಒಬ್ಬರಾಗಿದ್ದು, ಇಂಗ್ಲಿಷ್ ಕೇಳಿದರೆ ಅರ್ಥವಾಗುತ್ತದೆ, ಆದರೆ ಬರೆಯಲು ಕೂತರೆ ಕೈ ನಿಲ್ಲುತ್ತದೆ ಎಂದಾದರೆ ಈ ತರಗತಿಗೆ ಧೈರ್ಯವಾಗಿ ಸೇರಿ. ವಿದೇಶಕ್ಕೆ ಹೋಗಲು ಪರೀಕ್ಷೆ ಕಟ್ಟುವ ಮಕ್ಕಳಿಗೆ ಮಾತ್ರ ಇದು ಸಾಲದು, ಅವರು ಬೇರೆ ಕಡೆ ನೋಡುವುದೇ ಒಳ್ಳೆಯದು.

ಗಾಳಿಬೀಡು ಕಡೆ ನಮ್ಮದೊಂದು ಸಣ್ಣ ತೋಟ. ಮನೆಗೆ ತಾಗಿದಂತೆ ಅತಿಥಿಗಳಿಗೆಂದು ಮೂರು ಕೋಣೆ ಕಟ್ಟಿಸಿದ್ದೇವೆ. ತೋಟದ ಕೆಲಸ ಯಜಮಾನರದು. ಬುಕಿಂಗ್ ಸಂದೇಶಗಳಿಗೆ ಉತ್ತರ ಕೊಡುವುದು, ಊಟದ ಪಟ್ಟಿ ಬರೆಯುವುದು, ಕಾಫಿಪುಡಿ ಪೊಟ್ಟಣಕ್ಕೆ ಲೇಬಲ್ ಮಾಡಿಸುವುದು ನನ್ನ ಪಾಲಿಗೆ ಬಂದಿದೆ. ಈ ಕೆಲಸಗಳೆಲ್ಲ ಇಂಗ್ಲಿಷಿನಲ್ಲೇ ಆಗಬೇಕು. ಹಾಗಾಗಿ ಮಹದೇವಪೇಟೆಯ ಒಂದು ಕಟ್ಟಡದ ಮಹಡಿಯಲ್ಲಿ ನಿವೃತ್ತ ಹೈಸ್ಕೂಲ್ ಟೀಚರ್ ಒಬ್ಬರು ನಡೆಸುವ ಈ ತರಗತಿಗೆ ಸೇರಿಕೊಂಡೆ. ಸೋಮವಾರದಿಂದ ಗುರುವಾರ, ಸಂಜೆ ಐದೂವರೆಯಿಂದ ಏಳು. ಶುಕ್ರವಾರ ಸಂತೆ, ಅಂಗಡಿಯವರಿಗೆ ಬರಲಾಗದು ಎಂದು ಟೀಚರ್ ಆ ದಿನ ತರಗತಿಯೇ ಇಟ್ಟಿಲ್ಲ. ತಿಂಗಳಿಗೆ 1,800 ರೂಪಾಯಿ.

ಫೋನಿನಲ್ಲಿ ಮಾತಾಡುವುದು, ಪ್ರಶ್ನೆ ಕೇಳುವುದು, ಕಾಲಗಳು, ಇವೆಲ್ಲ ಪಾಠದಲ್ಲಿವೆ. ಚೆನ್ನಾಗಿಯೇ ಮಾಡುತ್ತಾರೆ, ಆದರೆ ಅದು ಎಲ್ಲಿ ಹೋದರೂ ಸಿಗುವಂಥದ್ದು. ನಾನು ಬರೆಯಬೇಕೆಂದುಕೊಂಡದ್ದು ಟೀಚರ್ ತುಂಬ ಹೊತ್ತು ಕೊಟ್ಟು ಕಲಿಸಿದ ಒಂದು ಪಾಠದ ಬಗ್ಗೆ. ಎಣಿಸುವ ನಾಮಪದ, ಎಣಿಸದ ನಾಮಪದ. ಇಂಗ್ಲಿಷಿನವರು ಕೌಂಟಬಲ್, ಅನ್‌ಕೌಂಟಬಲ್ ಅನ್ನುತ್ತಾರಲ್ಲ, ಅದು.

ನಮ್ಮ ಕಡೆಯ ಬೋರ್ಡು, ಕರಪತ್ರ, ಸಂದೇಶಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ. ಲಗೇಜಸ್, ಫರ್ನಿಚರ್ಸ್, ಇನ್ಫರ್ಮೇಶನ್ಸ್, ಸೀನರೀಸ್, ಫೀಡ್‌ಬ್ಯಾಕ್ಸ್, ಈಕ್ವಿಪ್‌ಮೆಂಟ್ಸ್. ಇವೆಲ್ಲ ಎಣಿಸದ ಪದಗಳು, ಕೊನೆಗೆ ಬಹುವಚನದ ‘ಎಸ್’ ಸೇರಿಸುವಂತಿಲ್ಲ. ತೋಟದ ಕೆಲಸದವರನ್ನು ‘ಲೇಬರ್ಸ್’ ಅನ್ನುವುದು ಇಡೀ ಜಿಲ್ಲೆಯಲ್ಲಿದೆ. ‘ಲೇಬರ್’ ಅಂದರೆ ದುಡಿಮೆ, ಅಥವಾ ದುಡಿಯುವವರೆಲ್ಲ ಒಟ್ಟಾಗಿ. ಒಬ್ಬೊಬ್ಬರನ್ನು ಲೆಕ್ಕ ಹಿಡಿಯಬೇಕಾದರೆ ‘ವರ್ಕರ್ಸ್’ ಅಥವಾ ‘ಲೇಬರರ್ಸ್’ ಅನ್ನಬೇಕು.

ಬೇರೆ ಕಡೆ ಈ ಪಾಠವೆಂದರೆ ಒಂದು ಉದ್ದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತಾರೆ. ಈ ಟೀಚರ್ ಮೊದಲು ಹಿಡಿದದ್ದು ನಮ್ಮ ಭಾಷೆಯನ್ನು. ಕನ್ನಡದಲ್ಲಿ ‘ಎಷ್ಟು’ ಎಂಬುದೊಂದೇ ಇದೆ. ಎಷ್ಟು ನೀರು, ಎಷ್ಟು ಕಿತ್ತಳೆ, ಎಷ್ಟು ಜನ. ಸಂತೆಯಲ್ಲಿ ‘ಹತ್ತು ಕಿತ್ತಳೆ ಕೊಡಿ’ ಅಂದರೆ ಸಾಕು, ‘ಕಿತ್ತಳೆಗಳು’ ಅಂತ ಯಾರೂ ಕೇಳುವುದಿಲ್ಲ. ನಾವು ಗೆರೆ ಎಳೆಯುವುದು ಬೇರೆ ಜಾಗದಲ್ಲಿ. ಮನುಷ್ಯರಾದರೆ ಇಬ್ಬರು, ಮೂವರು. ಮಿಕ್ಕಿದ್ದಕ್ಕೆಲ್ಲ ಎರಡು, ಮೂರು. ಇಂಗ್ಲಿಷಿನವರಿಗೆ ಮನುಷ್ಯರೂ ಟೂ, ಮರವೂ ಟೂ. ಅವರು ಗೆರೆ ಎಳೆದಿರುವುದು ಒಂದು, ಎರಡು ಎಂದು ಎಣಿಸುವ ಪದಕ್ಕೂ ಮೊತ್ತವಾಗಿ ನೋಡುವ ಪದಕ್ಕೂ ನಡುವೆ. ಅದಕ್ಕೇ ಹೌ ಮೆನಿ, ಹೌ ಮಚ್ ಎಂದು ಎರಡು ‘ಎಷ್ಟು’. ಇದನ್ನು ಹೀಗೆ ಎದುರುಬದುರು ಇಟ್ಟು ತೋರಿಸಿದ ಮೇಲೆ ನಮ್ಮ ಬ್ಯಾಚಿನ ಹಿರಿಯರ ಮುಖದಲ್ಲಿದ್ದ ಹಿಂಜರಿಕೆ ಹೋಯಿತು. ನಮ್ಮ ತಲೆಗೆ ಹತ್ತುವುದಿಲ್ಲ ಎಂದುಕೊಂಡದ್ದಕ್ಕೆ ಕಾರಣ ತಲೆಯಲ್ಲಿರಲಿಲ್ಲ. ಎರಡು ಭಾಷೆಗಳ ಲೆಕ್ಕ ಬೇರೆ, ಅಷ್ಟೇ.

ಮರುದಿನ ಟೀಚರ್ ಡಬ್ಬಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅಕ್ಕಿ, ಬೀನ್ಸ್ ಕಾಳು, ಗೋಧಿ, ಓಟ್ಸ್. ಅಕ್ಕಿಗೆ ‘ರೈಸ್’, ಎಸ್ ಇಲ್ಲ. ಬೀನ್ಸಿಗೆ ಎಸ್ ಇದೆ. ಕಾಳು ದೊಡ್ಡದು, ಎಣಿಸಬಹುದು, ಅಕ್ಕಿ ಸಣ್ಣದು, ಎಣಿಸಲಾಗದು ಎಂದು ನಾವೆಲ್ಲ ಒಪ್ಪಿಕೊಂಡೆವು. ಆಗ ಟೀಚರ್ ಗೋಧಿಯನ್ನೂ ಓಟ್ಸನ್ನೂ ಮುಂದೆ ತಂದರು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ‘ವೀಟ್’ಗೆ ಎಸ್ ಇಲ್ಲ, ‘ಓಟ್ಸ್’ಗೆ ಇದೆ. ಇನ್ನು ಫರ್ನಿಚರ್ ಅಂದರೆ ಮಂಚ, ಮೇಜು, ಕುರ್ಚಿ. ಅದಕ್ಕಿಂತ ದೊಡ್ಡದು ಬೇಕೆ? ಅದಕ್ಕೂ ಎಸ್ ಇಲ್ಲ. ‘ವಸ್ತುವನ್ನು ನೋಡಿ ತೀರ್ಮಾನ ಮಾಡಬೇಡಿ, ಪದವನ್ನು ನೋಡಿ’ ಎಂದರು. ಕುರ್ಚಿಯನ್ನು ಎಣಿಸಬಹುದು, ಫರ್ನಿಚರ್ ಎಂಬ ಪದವನ್ನು ಎಣಿಸಬಾರದು. ಬ್ಯಾಗನ್ನು ಎಣಿಸಬಹುದು, ಲಗೇಜನ್ನು ಎಣಿಸಬಾರದು. ಎಣಿಸಲೇಬೇಕೆಂದರೆ ‘ಪೀಸ್’ ಎಂಬುದನ್ನು ಮುಂದಿಡಬೇಕು, ತ್ರೀ ಪೀಸಸ್ ಆಫ್ ಲಗೇಜ್. ಈ ಒಂದು ವಿಷಯ ಗಟ್ಟಿಯಾದರೆ ಅರ್ಧ ಪಾಠ ಮುಗಿದಂತೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಊಟದ ಪಾಠ. ಜೀಪು ಓಡಿಸುವ ಹುಡುಗನನ್ನು ಎಬ್ಬಿಸಿ ಟೀಚರ್ ಕೇಳಿದರು:

‘ನಿನ್ನ ತಟ್ಟೆಯಲ್ಲಿ ಕಡಂಬುಟ್ಟು ಎಷ್ಟಪ್ಪ?’

‘ಆರು, ಟೀಚರ್.’

‘ನೂಪುಟ್ಟು?’

‘ಅದನ್ನು ಹೇಗೆ ಹೇಳುವುದು ಟೀಚರ್... ತಟ್ಟೆ ತುಂಬ.’

‘ಸರಿ. ಹಾಗಾದರೆ ಇಂಗ್ಲಿಷಿನಲ್ಲಿ ಯಾವುದಕ್ಕೆ ಹೌ ಮೆನಿ, ಯಾವುದಕ್ಕೆ ಹೌ ಮಚ್?’

ಹುಡುಗ ತಡವರಿಸದೆ ಹೇಳಿದ. ಉಂಡೆ ಉಂಡೆಯಾಗಿರುವ ಕಡಂಬುಟ್ಟಿಗೆ ಹೌ ಮೆನಿ, ಎಳೆ ಎಳೆಯಾಗಿ ಒಟ್ಟಿಗೆ ಬೀಳುವ ನೂಪುಟ್ಟಿಗೆ ಹೌ ಮಚ್. ತಟ್ಟೆಯಲ್ಲಿ ಹಬೆಗೆ ಬೆಂದು ಆಮೇಲೆ ಕತ್ತರಿಸುವ ಪಾಪುಟ್ಟಿಗೆ ಎ ಪೀಸ್ ಆಫ್ ಪಾಪುಟ್ಟು. ಅಕ್ಕಿ ರೊಟ್ಟಿಯನ್ನು ಎಣಿಸಬಹುದು, ಬ್ರೆಡ್ಡನ್ನು ಎಣಿಸಬಾರದು, ಸ್ಲೈಸ್ ಲೆಕ್ಕದಲ್ಲಿ ಹೇಳಬೇಕು. ‘ಪಿಗ್’ ಕೊಟ್ಟಿಗೆಯಲ್ಲಿರುವಾಗ ಒಂದು, ಎರಡು, ಪಾತ್ರೆಗೆ ಬಂದ ಮೇಲೆ ‘ಪೋರ್ಕ್’, ಅಲ್ಲಿ ಎಣಿಕೆ ಇಲ್ಲ. ಕೋಳಿಗೆ ಮಾತ್ರ ಎರಡೂ ಕಡೆ ‘ಚಿಕನ್’ ಒಂದೇ ಪದ, ಆದ್ದರಿಂದ ಅಲ್ಲಿ ಜಾಗ್ರತೆ ಬೇಕು. ‘ಎ ಚಿಕನ್’ ಅಂದರೆ ಇಡೀ ಕೋಳಿ, ‘ಸಮ್ ಚಿಕನ್’ ಅಂದರೆ ಮಾಂಸ. ಬೈಂಬಳೆ ಕರಿಗೆ ಹಾಕುವ ಕಣಿಲೆ ‘ಬ್ಯಾಂಬೂ ಶೂಟ್ಸ್’, ಅಣಬೆ ‘ಮಶ್ರೂಮ್ಸ್’, ಎರಡಕ್ಕೂ ಎಸ್ ಬೇಕು. ಅಡುಗೆಗೆ ಹಾಕುವ ಹುಳಿ, ಕಾಚಂಪುಳಿಗೆ ಬೇಡ, ಅದು ದ್ರವ. ಇಷ್ಟನ್ನು ನಮ್ಮ ಅಡುಗೆಮನೆಯಿಂದಲೇ ತೆಗೆದು ಕಲಿಸುವ ತರಗತಿ ನಾನು ಬೇರೆಲ್ಲೂ ಕಂಡಿಲ್ಲ.

ಮಳೆಯ ಪಾಠವೂ ಹಾಗೇ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಹೇಳುವುದು ರೂಢಿ. ತೋಟವಿರುವ ಮನೆಗಳಲ್ಲಿ ಮಳೆ ಅಳೆಯುವ ಪಾತ್ರೆಯೂ ಬರೆದಿಡುವ ಪುಸ್ತಕವೂ ಇರುತ್ತವೆ. ‘ರೇನ್’ ಎಣಿಸದ ಪದ, ಹೌ ಮಚ್ ರೇನ್. ‘ಇಂಚ್’ ಎಣಿಸುವ ಪದ, ಹೌ ಮೆನಿ ಇಂಚಸ್. ಕಾಫಿ ಅರಳಿಸುವ ಹೂಮಳೆಗೆ ಇಂಗ್ಲಿಷಿನಲ್ಲಿ ‘ಬ್ಲಾಸಮ್ ಶವರ್’, ಅದರ ಹಿಂದೆ ಬೇಕಾಗುವ ಮಳೆಗೆ ‘ಬ್ಯಾಕಿಂಗ್ ಶವರ್’. ‘ಶವರ್’ ಅಂದ ಕೂಡಲೇ ಎಣಿಕೆ ಬಂತು, ಟೂ ಗುಡ್ ಶವರ್ಸ್. ಇನ್ನು ‘ದ ರೈನ್ಸ್’ ಎಂದು ಎಸ್ ಸೇರಿಸಿದರೆ ಮಳೆಗಾಲವೆಂಬ ಅರ್ಥ. ಹಾಗಾಗಿ ‘ಕಮ್ ಆಫ್ಟರ್ ದ ರೈನ್ಸ್’ ಎಂದು ಅತಿಥಿಗೆ ಬರೆಯುವುದು ಸರಿಯಾದ ಇಂಗ್ಲಿಷೇ. ಹವೆ ಚೆನ್ನಾಗಿದೆ ಅನ್ನಲು ಮಾತ್ರ ‘ಎ ಗುಡ್ ವೆದರ್’ ಎಂದು ಬರೆಯಬಾರದು, ‘ಗುಡ್ ವೆದರ್’ ಸಾಕು. ಜೂನಿನಲ್ಲಿ ಬರುತ್ತೇವೆ ಅನ್ನುವವರಿಗೆ ಜಿಗಣೆಯ ಬಗ್ಗೆ ತಿಳಿಸಬೇಕಲ್ಲ, ಅಲ್ಲೂ ಜೋಡಿ ಇದೆ. ಮೆನಿ ಲೀಚಸ್, ಸಮ್ ಸಾಲ್ಟ್.

ಕಾಫಿಯ ಮಾತಿಗೆ ಬರುತ್ತೇನೆ. ನಮ್ಮ ವ್ಯಾಪಾರದಲ್ಲಿ ‘ರೊಬಸ್ಟಾ ಚೆರಿ’ ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಸರಕು. 50 ಕೆ.ಜಿ. ಚೀಲಕ್ಕೆ ಇಷ್ಟು ಎಂದು ದರ ಕಟ್ಟುತ್ತಾರೆ. ಅಲ್ಲಿ ಅದು ಮೊತ್ತ, ಎಸ್ ಬೇಡ. ಹಣ್ಣಿನ ಸಿಪ್ಪೆ ತೆಗೆದು ಒಳಗಿನ ತೆಳು ಹೊಟ್ಟಿನ ಸಮೇತ ಒಣಗಿಸಿದ ‘ಪಾರ್ಚ್‌ಮೆಂಟೂ’ ಹಾಗೆಯೇ. ಅದೇ ಗಿಡದ ಮೇಲಿನ ಕೆಂಪು ಹಣ್ಣನ್ನು ಅತಿಥಿಗೆ ತೋರಿಸುವಾಗ ‘ಚೆರೀಸ್’. ಒಂದೇ ಪದ ತೋಟದಲ್ಲಿ ಎಣಿಕೆಯದು, ಗೋದಾಮಿನಲ್ಲಿ ತೂಕದ್ದು.

ಇಲ್ಲಿ ಟೀಚರ್ ಹೇಳಿದ ಒಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ‘ಚೆರಿ’ ಎಂಬ ಪದವೇ ಇಂಥ ಲೆಕ್ಕದಿಂದ ಹುಟ್ಟಿದ್ದಂತೆ. ನಾರ್ಮನ್ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು ‘ಚೆರೀಸ್’ ಎಂಬ ಏಕವಚನದ ಪದ. ಕೊನೆಯ ಸಕಾರವನ್ನು ಇಂಗ್ಲಿಷಿನವರು ಬಹುವಚನದ ಗುರುತು ಎಂದುಕೊಂಡು, ಅದನ್ನು ತೆಗೆದು, ಒಂದಕ್ಕೆ ‘ಚೆರಿ’ ಎಂದು ಮಾಡಿಕೊಂಡರು. ಬಟಾಣಿಯ ಕತೆಯೂ ಇದೇ. ಹಿಂದೆ ಅಕ್ಕಿಯ ಹಾಗೆ ‘ಪೀಸ್’ (ತುಂಡು ಎಂಬ ಅರ್ಥದ ‘ಪೀಸ್’ ಅಲ್ಲ, pease) ಎಂದು ಮೊತ್ತವಾಗಿ ಹೇಳುತ್ತಿದ್ದರು, 17ನೇ ಶತಮಾನದ ಹೊತ್ತಿಗೆ ಅದನ್ನು ಒಡೆದು ಒಂದು ಕಾಳಿಗೆ ‘ಪೀ’ ಎಂದು ಮಾಡಿಕೊಂಡರು. ಆ ಭಾಷೆಯವರೇ ಈ ಗೆರೆಯನ್ನು ಆಚೀಚೆ ಸರಿಸಿಕೊಂಡು ಬಂದಿದ್ದಾರೆ ಎಂದು ತಿಳಿದಾಗ ವ್ಯಾಕರಣದ ಮೇಲಿನ ಭಯ ಕಡಿಮೆಯಾಗುತ್ತದೆ. ಇಂಥದ್ದನ್ನು ಪಾಠದ ನಡುವೆ ತರುವ ಓದು ಈ ಟೀಚರಿಗಿದೆ.

ಕರಿಮೆಣಸು ಮಾರುವವರು ಒಂದು ಮಾತು ನೆನಪಿಡಬೇಕು. ಪೊಟ್ಟಣದ ಮೇಲೆ ‘ಕೂರ್ಗ್ ಪೆಪ್ಪರ್’ ಎಂದಿರಬೇಕು. ‘ಪೆಪ್ಪರ್ಸ್’ ಅಂದರೆ ಇಂಗ್ಲಿಷಿನವರ ಕಣ್ಣಿಗೆ ಬರುವುದು ದೊಣ್ಣೆಮೆಣಸಿನಕಾಯಿ, ಇಲ್ಲವೇ ಮೆಣಸಿನಕಾಯಿ. ಕಾಳನ್ನೇ ಎಣಿಸಬೇಕಾದರೆ ‘ಪೆಪ್ಪರ್‌ಕಾರ್ನ್’ ಎಂಬ ಬೇರೆ ಪದವಿದೆ, ಅದಕ್ಕೆ ಎಸ್ ಹಾಕಬಹುದು. ನಮ್ಮ ಬ್ಯಾಚಿನ ಮಸಾಲೆ ಅಂಗಡಿಯವರು ಹೊಸ ಲೇಬಲ್ ಅಚ್ಚಿಗೆ ಕೊಡುವ ಮುಂಚೆ ಟೀಚರಿಗೆ ತೋರಿಸಿ ಸರಿಮಾಡಿಸಿಕೊಂಡರು. ಅದಕ್ಕೆ ಬೇರೆ ಹಣ ಕೇಳಲಿಲ್ಲ.

ಹೋಂಸ್ಟೇಯವರಿಗೆ ತೀರ ಬೇಕಾದ ಎರಡು ಪದ. ‘ರೂಮ್’: ‘ಎ ರೂಮ್’ ಅಂದರೆ ಕೋಣೆ, ‘ರೂಮ್’ ಅಂದರೆ ಜಾಗ. ಜೀಪಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿದೆ ಅನ್ನಲು ‘ದೇರ್ ಈಸ್ ರೂಮ್ ಫಾರ್ ಟೂ’. ‘ಹೇರ್’: ತಲೆಯ ಮೇಲಿದ್ದಾಗ ಮೊತ್ತ, ಎಣಿಕೆಯಿಲ್ಲ. ಸಾರಿನಲ್ಲಿ ಸಿಕ್ಕಿದರೆ ‘ಎ ಹೇರ್’, ಅಂಥ ದೂರು ಬಂದಾಗ ಅತಿಥಿ ಹೇಳುತ್ತಿರುವುದೇನೆಂದು ತಕ್ಷಣ ಅರ್ಥವಾಗಬೇಕು. ‘ಅಕಾಮಡೇಶನ್’ ಬ್ರಿಟನ್ನಿನವರಿಗೆ ಎಣಿಸದ ಪದ. ಅಮೆರಿಕದವರು ಎಸ್ ಸೇರಿಸಿ ಬರೆಯುತ್ತಾರೆ, ಅದು ತಪ್ಪಲ್ಲ.

ಇನ್ನೊಂದು, ತೋಟದವರೆಲ್ಲ ತಿಳಿದಿರಬೇಕಾದದ್ದು. ಆನೆ ಬಂದು ಬಾಳೆ, ಅಡಿಕೆ, ಕಾಫಿ ಗಿಡ ಮುರಿದು ಹೋದ ಮೇಲೆ ಅರ್ಜಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವವರು ‘ಡ್ಯಾಮೇಜಸ್’ ಎಂದು ಬರೆಯುವುದುಂಟು. ‘ಡ್ಯಾಮೇಜ್’ ಅಂದರೆ ಆದ ಹಾನಿ, ಅದು ಎಷ್ಟೇ ಇದ್ದರೂ ಎಸ್ ಇಲ್ಲ. ‘ಡ್ಯಾಮೇಜಸ್’ ಅಂದರೆ ಕೋರ್ಟು ಕೊಡಿಸುವ ಪರಿಹಾರದ ಹಣ. ಆನೆ ಮಾಡಿದ್ದು ಡ್ಯಾಮೇಜ್, ಮುರಿದ ಗಿಡಗಳನ್ನು ‘ಪ್ಲಾಂಟ್ಸ್’ ಎಂದು ಎಣಿಸಿ ಸಂಖ್ಯೆ ಸಮೇತ ಬರೆಯಿರಿ ಎಂದು ಟೀಚರ್ ಒಂದು ಮಾದರಿ ಅರ್ಜಿಯನ್ನೇ ಬರೆಸಿದರು. ಅದರ ಪ್ರತಿ ನಮ್ಮ ಅಕ್ಕಪಕ್ಕದ ತೋಟದವರಿಗೂ ಹೋಗಿದೆ.

ಪದ ಯಾವ ಕಡೆಯದು ಎಂದು ಪ್ರತಿ ಸಲ ಟೀಚರನ್ನೇ ಕೇಳಬೇಕಾಗಿಲ್ಲ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ನಾಮಪದದ ಪಕ್ಕ ‘ಸಿ’ ಅಥವಾ ‘ಯು’ ಎಂಬ ಅಕ್ಷರ ಇರುತ್ತದೆ. ಸಿ ಅಂದರೆ ಎಣಿಸುವ ಪದ, ಯು ಅಂದರೆ ಎಣಿಸದ ಪದ. ಈ ಬಗೆಯ ನಿಘಂಟಿಗೆ ದಾರಿ ಹಾಕಿದವರಲ್ಲಿ ಮುಖ್ಯರು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅವರ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡಿನಿಂದ ಬಂತು. ಜಪಾನಿ ಭಾಷೆಯಲ್ಲೂ ನಮ್ಮ ‘ಹತ್ತು ಕಿತ್ತಳೆ’ಯ ಹಾಗೆ ಸಾಮಾನ್ಯವಾಗಿ ಬಹುವಚನದ ಗುರುತು ಬೇಕಾಗುವುದಿಲ್ಲ. ಅಂಥವರಿಗೆ ಕಲಿಸುವಾಗ ಈ ಗುರುತು ಎಷ್ಟು ಅಗತ್ಯ ಎಂಬುದು ಅವರಿಗೆ ಕಂಡಿರಬೇಕು. ತರಗತಿಯಲ್ಲಿ ಇಂಥ ನಿಘಂಟಿನ ಪ್ರತಿಗಳನ್ನು ಇಟ್ಟಿದ್ದಾರೆ, ಫೋನಿನಲ್ಲಿ ಹುಡುಕುವುದನ್ನೂ ಹೇಳಿಕೊಡುತ್ತಾರೆ.

ಈಗ ನನಗೆ ಸರಿ ಕಾಣದ್ದನ್ನೂ ಹೇಳಬೇಕು. ಬಾಯಲ್ಲಿ ಇಷ್ಟು ಚೆನ್ನಾಗಿ ಕಲಿಸುವ ಟೀಚರ್ ಮನೆಗೆಲಸಕ್ಕೆ ಕೊಡುವ ಅಚ್ಚಿನ ಹಾಳೆಗಳು ಮಾತ್ರ ಹಳೆಯವು. ಅದರಲ್ಲಿ ಇರುವುದು ಮಾರ್ಮಲೇಡಿನ ಜಾಡಿ, ಕಲ್ಲಿದ್ದಲಿನ ಬಕೆಟ್ಟು. ಕಡಂಬುಟ್ಟು, ಚೆರಿ, ಹೂಮಳೆ ಒಂದೂ ಹಾಳೆಗೆ ಬಂದಿಲ್ಲ. ತರಗತಿ ತಪ್ಪಿಸಿಕೊಂಡವರಿಗೆ ಹಾಳೆಯೇ ಗತಿ, ಅವರಿಗೆ ಈ ಪಾಠದ ಸಾರ ಸಿಗುವುದಿಲ್ಲ. ಹಾಳೆಯ ಉತ್ತರಪಟ್ಟಿಯಲ್ಲಿ ‘ಟೂ ಕಾಫೀಸ್’ ತಪ್ಪು, ‘ಟೂ ಕಪ್ಸ್ ಆಫ್ ಕಾಫಿ’ ಒಂದೇ ಸರಿ ಎಂದಿದೆ. ಇದನ್ನು ನಾನು ಒಪ್ಪಲಾರೆ. ನಮ್ಮ ಮನೆಗೆ ಬರುವ ಇಂಗ್ಲೆಂಡಿನವರು ‘ಟೂ ಕಾಫೀಸ್, ಪ್ಲೀಸ್’ ಎಂದೇ ಕೇಳುತ್ತಾರೆ, ನಿಘಂಟಿನಲ್ಲೂ ಕಾಫಿಯ ಪಕ್ಕ ಎರಡು ಅಕ್ಷರವೂ ಇವೆ. ಪುಡಿಯಾಗಿ, ಪಾನೀಯವಾಗಿ ಇದ್ದಾಗ ಯು, ಲೋಟಕ್ಕೆ ಬಂದಾಗ ಸಿ. ಬಗೆಯ ಮಾತು ಬಂದರೂ ಎಸ್ ಬರುತ್ತದೆ. 2019ರಲ್ಲಿ ಕೂರ್ಗ್ ಅರೇಬಿಕಾ ಸೇರಿ ಭಾರತದ ಐದು ಕಾಫಿಗಳಿಗೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅಲ್ಲಿ ‘ಫೈವ್ ಕಾಫೀಸ್’ ಎನ್ನದೆ ಬೇರೆ ಏನೆನ್ನಬೇಕು? ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿಯ ಪಾಠ ಅರ್ಧಕ್ಕೆ ನಿಲ್ಲಬಾರದು. ಟೀಚರಿಗೆ ಹೇಳಿದೆ. ಕೇಳಿಸಿಕೊಂಡರು, ನಿಘಂಟು ತೆಗೆದು ನೋಡಿದರು, ಹಾಳೆ ಬದಲಾಯಿಸುತ್ತೇನೆ ಎಂದರು. ನಾನು ಬಿಡುವಾಗ ಹಳೆಯದೇ ಇತ್ತು.

ಎರಡನೆಯದು, ಮಾತಾಡಲು ಸಿಗುವ ಹೊತ್ತು ಕಡಿಮೆ. ಬ್ಯಾಚಿನಲ್ಲಿ ಇಪ್ಪತ್ತು ಜನರಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಬರವಣಿಗೆಯಲ್ಲಿ ಸರಿ ಬರೆಯುವವರೂ ಬಾಯಿ ತೆರೆದಾಗ ‘ಮೆನಿ ಇನ್ಫರ್ಮೇಶನ್’ ಎಂದೇ ಹೇಳುತ್ತಾರೆ, ಅದು ಹೋಗಬೇಕಾದರೆ ಆಡಿ ಆಡಿ ರೂಢಿಯಾಗಬೇಕು. ಕರೆಂಟು ಹೋದ ದಿನ ತರಗತಿ ಬಿಟ್ಟುಬಿಡುತ್ತಾರೆ, ಅದರ ಬದಲು ಇನ್ನೊಂದು ದಿನ ಇಡುವುದಿಲ್ಲ. ಮಳೆಗಾಲದಲ್ಲಿ ಇದು ದೊಡ್ಡ ನಷ್ಟ.

ಲೆಸ್, ಫ್ಯೂವರ್ ಎಂಬ ಜೋಡಿಗೆ ಟೀಚರ್ ಇಡೀ ಸಂಜೆ ಕೊಟ್ಟರು. ನನ್ನ ಅಭಿಪ್ರಾಯದಲ್ಲಿ ಅಷ್ಟು ಬೇಡವಾಗಿತ್ತು. ಎಣಿಸುವುದಕ್ಕೆ ಫ್ಯೂವರ್, ಮೊತ್ತಕ್ಕೆ ಲೆಸ್ ಎಂಬ ನಿಯಮ ಗೊತ್ತಿದ್ದರೆ ಸಾಕು. ಇಂಗ್ಲೆಂಡಿನಲ್ಲೇ ಆ ಬಗ್ಗೆ ಜಗಳವಿದೆ. ಟೆಸ್ಕೊ ಎಂಬ ದೊಡ್ಡ ಅಂಗಡಿಯವರು 2008ರಲ್ಲಿ, ಕಡಿಮೆ ಸಾಮಾನು ಕೊಂಡವರು ಹಣ ಕಟ್ಟುವ ಸಾಲಿನ ಬೋರ್ಡಿನಿಂದ ‘ಲೆಸ್’ ತೆಗೆದು, ‘ಫ್ಯೂವರ್’ ಕೂಡ ಹಾಕದೆ, ‘ಅಪ್ ಟು 10 ಐಟಮ್ಸ್’ ಎಂದು ಮಾಡಿಕೊಂಡರು. ಅದರ ಬದಲು ಟೀಚರ್ ಐದೇ ನಿಮಿಷದಲ್ಲಿ ಮುಗಿಸಿದ ಇನ್ನೊಂದು ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕಿತ್ತು. ‘ಎ ಲಾಟ್ ಆಫ್’, ‘ಸಮ್’, ‘ಎನಿ’, ‘ಎನಫ್’, ‘ಪ್ಲೆಂಟಿ ಆಫ್’, ಇವು ಎರಡೂ ಬಗೆಯ ಪದಕ್ಕೆ ಹೊಂದುತ್ತವೆ. ಎ ಲಾಟ್ ಆಫ್ ಲೀಚಸ್, ಎ ಲಾಟ್ ಆಫ್ ರೇನ್. ಮಾತಿನ ನಡುವೆ ಮಚ್ಚೋ ಮೆನಿಯೋ ಎಂದು ತಡವರಿಸುವವರಿಗೆ ಇಷ್ಟು ಬಳಸಲು ಬಂದರೆ ಸಂಭಾಷಣೆ ನಿಲ್ಲುವುದಿಲ್ಲ.

ನಮ್ಮ ನಮ್ಮಲ್ಲಿ ಮಾತಾಡುವಾಗ ಲಗೇಜಸ್ ಅಂದರೆ ಯಾರಿಗೂ ತೊಂದರೆಯಿಲ್ಲ, ಅದಕ್ಕಾಗಿ ಯಾರನ್ನೂ ತಿದ್ದುವ ಅಗತ್ಯವೂ ಇಲ್ಲ. ಆದರೆ ಮನೆಯ ಹೆಸರಿನಲ್ಲಿ ಅಚ್ಚಾಗಿ ಹೊರಗೆ ಹೋಗುವ ಮಾತು ಸರಿಯಾಗಿರಬೇಕು. ಶ್ರಮಪಟ್ಟು ಬೆಳೆದ ಕಾಫಿ, ಶುಚಿಯಾಗಿ ಮಾಡಿದ ಊಟ, ಅದರ ಮೇಲೆ ಅಂಟಿಸುವ ಚೀಟಿಯಲ್ಲಿ ಅಜಾಗ್ರತೆ ಇರಬಾರದು. ನಮ್ಮ ಕೋಣೆಗಳ ಸೂಚನೆಗಳನ್ನೂ ಊಟದ ಪಟ್ಟಿಯನ್ನೂ ಈಗ ಹೊಸದಾಗಿ ಬರೆಸಿದ್ದೇನೆ.

ಸೇರುವವರಿಗೆ ಒಂದೆರಡು ಮಾತು. ನಿಮ್ಮ ಕೆಲಸದಲ್ಲಿ ದಿನವೂ ಬರುವ ಪದಗಳನ್ನು, ಬಿಲ್ಲು, ಲೇಬಲ್, ಸಂದೇಶ ಎಲ್ಲದರಿಂದ ಹೆಕ್ಕಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಟೀಚರ್ ಅದನ್ನೇ ಹಿಡಿದು ಪಾಠ ಮಾಡುತ್ತಾರೆ, ಅಚ್ಚಿನ ಹಾಳೆಗಿಂತ ಹತ್ತು ಪಾಲು ಉಪಯೋಗ. ಹಳ್ಳಿ ಕಡೆಯಿಂದ ಬರುವವರು ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ತಿಳಿಸಿದರೆ ಸ್ವಲ್ಪ ಬೇಗ ಬಿಡುತ್ತಾರೆ. ಮುಂದಿನ ಬ್ಯಾಚು ಮಳೆ ಕಳೆದ ಮೇಲೆ ಶುರುವಾಗುತ್ತದೆ. ಕಾಫಿ ಕುಯ್ಲು ಹಿಡಿದ ಮೇಲೆ ತೋಟದವರಿಗೆ ಸಂಜೆ ಬಿಡುವು ಸಿಗುವುದಿಲ್ಲ, ಆದ್ದರಿಂದ ಅಕ್ಟೋಬರಿನಲ್ಲೇ ಸೇರಿಕೊಳ್ಳಿ.